ಬೇಕರಿಯವನ ಅಂಗೈ

"ಹಣೆಗೆ ಹಿಡಿಯೋದು ಬೇಕಾ, ಕಂಕುಳಲ್ಲಿ ಇಡೋದು ಬೇಕಾ?" ಔಷಧಿ ಅಂಗಡಿಯಾಕೆ ಎರಡು ಥರ್ಮಾಮೀಟರುಗಳನ್ನು ಮುಂದಿಟ್ಟಳು. ಪಕ್ಕದ ಬೇಕರಿಯ ಒಲೆ ಬಿಟ್ಟು ನೇರ ಬಂದಿದ್ದ ಅವನು ನಕ್ಕ. "ಯಾವುದಾದ್ರೂ ಕೊಡಮ್ಮ. ಬೆಳಗ್ಗೆಯಿಂದ ಕೆಲಸದ ಮಧ್ಯೆ ಓಡಿ ಓಡಿ ಹೋಗಿ ಮಗು ಹಣೆ ಮುಟ್ಟಿ ನೋಡಿದೀನಿ, ತಣ್ಣಗಿದೆ. ನನ್ನ ಹೆಂಡ್ತಿಗೆ ಸುಮ್ನೆ ಗಾಬರಿ."

"ಎಳೇ ಮಗು ಅಲ್ವಾ, ಕಂಕುಳಿಂದೇ ಇರ್ಲಿ," ಎಂದು ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟವಳು ಬೆಚ್ಚಿ ಕೈ ಹಿಂದೆಗೆದಳು. "ಅಯ್ಯೋ ಅಣ್ಣ, ನಿಮ್ಮ ಕೈ ಕೆಂಡ ಆಗಿದೆಯಲ್ಲ! ಜ್ವರ ನಿಮಗಾ?"

"ಇಲ್ಲಮ್ಮ, ಒಲೆ ಮುಂದೆ ನಿಂತು..." ಅವನ ಮಾತು ಅಲ್ಲೇ ನಿಂತಿತು. ಈ ಕೈಗೆ ಯಾವ ಹಣೆ ತಾನೇ ಬಿಸಿ ಎನಿಸೀತು? "ಇನ್ನೊಂದ್ಸಲ ಸರಿಯಾಗಿ ಮುಟ್ಟಿ ನೋಡ್ರೀ" ಎಂದು ಅಂಗಲಾಚಿದ ಹೆಂಡತಿಗೆ "ನಿಂಗೆ ತಲೆ ಕೆಟ್ಟಿದೆ" ಎಂದು ಬೈದು ಬಂದಿದ್ದ.

ಎದ್ದೂ ಬಿದ್ದೂ ಮನೆಗೆ ಓಡಿದ. ಥರ್ಮಾಮೀಟರು ಬೀಪ್ ಎಂದಿತು: ನೂರಾ ಎರಡು. ಹೆಂಡತಿ ಅವನನ್ನು ಬೈಯಲಿಲ್ಲ. "ಮಗೂನ ಎತ್ಕೊಳ್ಳಿ, ಡಾಕ್ಟರ ಹತ್ರ ಹೋಗೋಣ," ಎಂದಳು ಅಷ್ಟೇ. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಮಗುವಿನ ಹಣೆಗೆ ಕೆನ್ನೆಯಿಟ್ಟ. ಸುಡುತ್ತಿತ್ತು.