ತಲೆ ಮಾಡಿದವಳು

ಝಹ್ರಾ ಬಂದು ಮುಟ್ಟುವಷ್ಟರಲ್ಲಿ ಡೈನೋಸಾರಿಗೆ ತಲೆ ಬಂದಾಗಿತ್ತು.

ಬಲ್ಮಠದ ಕಾಲೇಜಿನಲ್ಲಿ ಅಂದು ವಿಜ್ಞಾನ ಪ್ರದರ್ಶನ. ಹಾಲ್‌ನ ಮೂಲೆಯ ಮೇಜಿನ ಮೇಲೆ ಬರಾಪಾಸಾರಸ್ ಎಂಬ ಥರ್ಮಾಕೋಲಿನ ಡೈನೋಸಾರ್ ನಿಂತಿತ್ತು. ಕಂಬದಂಥ ಕಾಲು, ಸೊಪ್ಪು ತಿಂದು ಉಬ್ಬಿದ ಹೊಟ್ಟೆ, ಕಿಟಕಿಯ ಸರಳಿನವರೆಗೆ ಚಾಚಿದ ಕೊರಳು. ಆ ಕೊರಳಿನ ತುದಿಯಲ್ಲಿ, ಗಮ್ ಇನ್ನೂ ಒಣಗದ ಹಸಿರು ತಲೆಯೊಂದು ಬಾಯಿ ತೆರೆದು ಚೂರಿಯಂಥ ಹಲ್ಲು ತೋರಿಸುತ್ತಿತ್ತು.

"ನನ್ನ ತಮ್ಮನ ಆಟದ ಸಾಮಾನಿದ್ದು," ಎಂದಳು ಭವ್ಯಶ್ರೀ. "ಪೈಂಟ್ ಹೊಡ್ದದ್ದು ನಾನೇ. ಹೇಗುಂಟು?"

ತಲೆ ಝಹ್ರಾಳ ಪಾಲಿನ ಕೆಲಸವಾಗಿತ್ತು. ಗುಂಪಿನ ಉಳಿದಿಬ್ಬರು, ತೃಪ್ತಿ ಮತ್ತು ಭವ್ಯಶ್ರೀ, ಇಬ್ಬರ ಮನೆಯೂ ಮಣ್ಣಗುಡ್ಡದಲ್ಲೇ. ಭಾನುವಾರ ತೃಪ್ತಿಯ ಮನೆಯಲ್ಲಿ ಕೂತು ಉಳಿದದ್ದೆಲ್ಲ ಕಟ್ಟಿದ್ದರು. ಕಾಟಿಪಳ್ಳ ದೂರ, ನೀನು ಅಷ್ಟು ದೂರದಿಂದ ಬರುವುದು ಬೇಡ, ತಲೆಯನ್ನು ಮನೆಯಲ್ಲೇ ಮಾಡಿ ತಾ ಎಂದು ಮೆಸೇಜ್ ಹಾಕಿದ್ದರು. ಪರವಾಗಿಲ್ಲ, ಬರುತ್ತೇನೆ ಎಂದು ಝಹ್ರಾ ಎರಡು ಸಲ ಬರೆದಳು. ಎರಡಕ್ಕೂ ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ.

ಒಂದು ವಾರ ಫೋನಿಗೆ ಕಣ್ಣು ಅಂಟಿಸಿ ಓದಿದ ಮೇಲೆ ಅವಳಿಗೆ ಗೊತ್ತಾದದ್ದಿಷ್ಟು: ಈ ಪ್ರಾಣಿಯ ಕಾಲು, ಬೆನ್ನು, ಸೊಂಟದ ಎಲುಬೆಲ್ಲ ತೆಲಂಗಾಣದ ಕಡೆ ಸಿಕ್ಕಿವೆ, ತಲೆಬುರುಡೆ ಮಾತ್ರ ಯಾರಿಗೂ ಸಿಕ್ಕಿಲ್ಲ. ಸಿಕ್ಕಿದ್ದು ಕೆಲವು ಹಲ್ಲು, ಅಷ್ಟೇ. ಹಾಗಾಗಿ ಅವಳು ತೆಳು ತಂತಿ ಬಗ್ಗಿಸಿ ತಲೆಯ ಗೆರೆ ಮಾತ್ರ ಮಾಡಿ, ಒಳಗೆ ಖಾಲಿ ಬಿಟ್ಟು, ಮೇಣದಲ್ಲಿ ಕೆತ್ತಿದ ಮೂರು ಹಲ್ಲನ್ನು ನೂಲಿನಲ್ಲಿ ತೂಗಿಸಿದಳು. ಉಮ್ಮ ಮುಮ್ತಾಝ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ವಾರ ಬಾಗಿಲು ಹಾಕಿ ಕೂತದ್ದು ಇಷ್ಟಕ್ಕಾ, ನಿನ್ನ ಅಜ್ಜಿಯ ಬಾಯಲ್ಲೇ ಇದಕ್ಕಿಂತ ಜಾಸ್ತಿ ಹಲ್ಲುಂಟು ಎಂದು ನಕ್ಕಿದ್ದರು. ನೂಕಾಟದಲ್ಲಿ ತಂತಿ ಬಗ್ಗಬಾರದೆಂದು ತುಂಬಿದ ಬಸ್ಸೊಂದನ್ನು ಬಿಟ್ಟದ್ದರಿಂದಲೇ ಇವತ್ತು ತಡವಾದದ್ದು.

ಅವಳು ತಂತಿಯ ತಲೆಯನ್ನು ಬ್ಯಾಗಿನಿಂದ ಮೆಲ್ಲ ಹೊರಗೆ ತೆಗೆದಳು.

"ಇದೆಂತ, ಮೀನಿನ ಬಲೆಯಾ?" ಎಂದಳು ತೃಪ್ತಿ.

"ಇದರ ತಲೆ ಸಿಕ್ಕಿಯೇ ಇಲ್ಲ. ಅದಕ್ಕೇ ಖಾಲಿ ಬಿಟ್ಟದ್ದು. ಮತ್ತೆ ನೀವು ಹಾಕಿದ್ದು ಮಾಂಸ ತಿನ್ನುವುದರ ತಲೆ, ತೃಪ್ತಿ."

"ಅಷ್ಟೆಲ್ಲ ಯಾರು ನೋಡ್ತಾರೆ ಮಾರಾಯ್ತಿ. ಖಾಲಿ ಇಟ್ರೆ ಕೆಲಸ ಮಾಡ್ಲಿಲ್ಲ ಅಂತ ಹೇಳ್ತಾರೆ. ಬ್ಯಾಗಿಗೆ ಹಾಕು."

ಝಹ್ರಾ ಬ್ಯಾಗಿಗೆ ಹಾಕಿದಳು. ಅವರಿಬ್ಬರೂ ಭಾನುವಾರದ ಯಾವುದೋ ತಮಾಷೆ ನೆನಪಾಗಿ ನಗತೊಡಗಿದರು. ಏನೆಂದು ಗೊತ್ತಿಲ್ಲದಿದ್ದರೂ ಅವಳೂ ನಕ್ಕಳು. ಆಮೇಲೆ ಮೇಜಿನ ಆಚೆ ತುದಿಗೆ ಹೋಗಿ ಬಾಲದ ಹತ್ತಿರ ನಿಂತಳು.

ಹನ್ನೊಂದು ಗಂಟೆಗೆ ತೀರ್ಪುಗಾರರು ಬಂದರು. ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಲ್ಯಾನ್ಸಿ ಸರ್. ಕಾಲನ್ನು ಮೆಚ್ಚಿದರು, ಬೆನ್ನೆಲುಬು ಎಣಿಸಿದರು, ಕೊರಳಿನುದ್ದಕ್ಕೂ ನಿಧಾನ ನಡೆದು ತುದಿಯಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು.

"ಸೊಪ್ಪು ತಿನ್ನುವ ಪ್ರಾಣಿಗೆ ಹುಲಿಯ ಬಾಯಿ ಎಂತಕ್ಕೆ?"

ತಲೆ ಸಿಕ್ಕಿಲ್ಲವೆಂದು ಒಂದು ಸಾಲು ಬರೆದು ಆ ಜಾಗವನ್ನು ಖಾಲಿ ಬಿಟ್ಟಿದ್ದರೆ ಕಣ್ಣು ಮುಚ್ಚಿ ಮೊದಲ ಬಹುಮಾನ ಕೊಡುತ್ತಿದ್ದೆ ಎಂದು ಅವರು ಬೇಸರದಲ್ಲಿ ಹೇಳಿದರು. ನಂತರ ಪೆನ್ನು ಬಿಚ್ಚಿದರು.

"ಯಾರು ಈ ತಲೆ ಮಾಡಿದ್ದು?"

ಭವ್ಯಶ್ರೀ ಬೆರಳಿನ ಹಸಿರನ್ನು ದುಪಟ್ಟಾದೊಳಗೆ ಅಡಗಿಸಿದಳು. ತೃಪ್ತಿ ಬಾಲದ ಕಡೆ ಕೈ ತೋರಿಸಿದಳು.

"ನಮ್ಮ ಝಹ್ರಾ, ಸರ್."

ಕಾಲೇಜು ಸೇರಿ ಆರು ತಿಂಗಳಾಗಿತ್ತು. ಅವಳ ಹೆಸರಿಗೆ ಯಾರಾದರೂ 'ನಮ್ಮ' ಎಂದು ಸೇರಿಸಿದ್ದು ಇದೇ ಮೊದಲು. ಬ್ಯಾಗ್ ಹೆಗಲಲ್ಲೇ ಇತ್ತು, ಜಿಪ್ ಎಳೆದು ತೋರಿಸಿದರೆ ಸಾಕಿತ್ತು.

"ಹೌದು ಸರ್, ನಾನೇ," ಎಂದಳು ಝಹ್ರಾ.

ತೃಪ್ತಿ ಒಂದು ಹೆಜ್ಜೆ ಸರಿದು, ತಮ್ಮಿಬ್ಬರ ನಡುವೆ ಅವಳಿಗೆ ಜಾಗ ಮಾಡಿಕೊಟ್ಟಳು.