ಅಚ್ಚಿನಲ್ಲಿ ಅಜ್ಜಿಯ ಕೈ

ಹಸಿ ಪ್ಲಾಸ್ಟರ್ ವಾಸನೆ ಬಂದರೆ ಈಗಲೂ ನನ್ನ ಎಡಪಕ್ಕೆಗೆ ಯಾರೋ ಅಂಗೈ ಒತ್ತಿದಂತಾಗುತ್ತದೆ.

ವೀಲ್‌ಚೇರಿನಲ್ಲಿ ನಾನು ಎಡಕ್ಕೆ ವಾಲುತ್ತಿದ್ದೆ. ಬೀಳದಂತೆ ಅಜ್ಜಿ ಸದಾ ಕೈ ಕೊಟ್ಟಿರುತ್ತಿದ್ದಳು. ನನ್ನ ಮೈಗೆ ಒಪ್ಪುವ ಸೀಟು ಮಾಡಿಸಲು ಅವಳೇ ನನ್ನನ್ನು ಕುಣಿಗಲ್‌ನಿಂದ ತುಮಕೂರಿನ ವರ್ಕ್‌ಶಾಪಿಗೆ ಕರೆದುಕೊಂಡು ಬಂದಳು. ಅಳತೆ ಎಂದರೆ ಅವಳಿಗೆ ಗೊತ್ತಿದ್ದದ್ದು ಟೈಲರ್ ಅಳತೆ ಒಂದೇ.

"ಬೆಳೆಯೋ ಮಗು ಕಣಪ್ಪ, ಎರಡಿಂಚು ಲೂಸಾಗೇ ಇಡು," ಎಂದಳು ಸೀಟು ಮಾಡುವ ಟೆಕ್ನಿಷಿಯನ್‌ಗೆ.

ಟೆಕ್ನಿಷಿಯನ್ ನಗುತ್ತಾ, ಅಚ್ಚು ತೆಗೆಯಲು ನನ್ನ ಬೆನ್ನಿಗೂ ಪಕ್ಕೆಗೂ ಒದ್ದೆ ಪ್ಲಾಸ್ಟರ್ ಪಟ್ಟಿ ಮೆತ್ತಿದ. ನಾನು ವಾಲಿದೆ. ಅಜ್ಜಿ ಓಡಿಬಂದು ಅದರ ಮೇಲೇ ಕೈ ಒತ್ತಿ ಹಿಡಿದಳು.

"ಕೈ ತೆಗೀರಿ ಅಜ್ಜಿ."

"ತೆಗುದ್ರೆ ಮಗು ಬಿದ್ದೋಯ್ತದೆ."

ಪ್ಲಾಸ್ಟರ್ ಒಣಗುವವರೆಗೂ ತೆಗೆಯಲಿಲ್ಲ. ಅಚ್ಚು ಬಿಡಿಸಿ ನೋಡಿದ ಟೆಕ್ನಿಷಿಯನ್ ತಲೆಯ ಮೇಲೆ ಕೈಯಿಟ್ಟುಕೊಂಡ. "ನಿಮ್ಮ ಕೈಯೂ ಅಚ್ಚಾಗಿದೆಯಲ್ಲ ಅಜ್ಜಿ. ಸೀಟಲ್ಲೂ ಹಿಂಗೇ ಬರುತ್ತೆ."

"ಬರ್ಲಿ ಬುಡಪ್ಪ. ನಾನು ಹಾಲ್ ಕರಿಯಕ್ಕೆ ಹೋದಾಗ ಅದೇ ಹಿಡ್ಕಂಡಿರ್ತದೆ."