ಶೇಂಗಾ ಚೀಲದ ಹಿಂದಿನ ಜಾಡಿ

ಜಾಡಿ ಸಿಡಿದಾಗ ಯರ್ರಮ್ಮ ಮನೆಯಲ್ಲಿರಲಿಲ್ಲ. ಮೊಳಕಾಲ್ಮೂರಿನಲ್ಲಿ ಮಹಿಳಾ ಸಂಘದ ಸಭೆ ಮುಗಿಸಿ ಸಂಜೆ ಹಟ್ಟಿಗೆ ಬಂದರೆ, ಪಡಸಾಲೆಯ ತುಂಬ ನೊಣ. ಮೂಲೆಯಲ್ಲಿದ್ದ ಶೇಂಗಾ ಚೀಲಗಳು ನೆನೆದು ನಾರುತ್ತಿದ್ದವು. ಅವುಗಳ ಸಂದಿಯಲ್ಲಿ ಗಾಜಿನ ಚೂರು, ಗೋಡೆಯ ಮೇಲೆ ಒಣಗಿದ ಹಳದಿ ನೊರೆ. ತೊಂಬತ್ತಾರರ ಆ ಬೇಸಿಗೆಗೆ ಎಲ್ಲ ಹುಳಿತು ಕೊಳೆತ ವಾಸನೆ ಹೊಡೆಯುತ್ತಿತ್ತು.

ಸೊಸೆ ಚಿತ್ರಾ ಪೊರಕೆ ಹಿಡಿದು ನಿಂತಿದ್ದಳು. ಗುಡಿಸುತ್ತಿರಲಿಲ್ಲ.

"ಏನೇ ಇದು?"

"ಮಧ್ಯಾಹ್ನ ಢಮ್ ಅಂತು ಅತ್ತೆ."

ಯರ್ರಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಅದು ಮದ್ಯದ ವಾಸನೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ಹೆದ್ದಾರಿಯ ಸಾರಾಯಿ ಅಂಗಡಿಯನ್ನು ಪೊರಕೆ ಹಿಡಿದು ಎತ್ತಿಸಿದವಳು ಆಕೆ. ಹಟ್ಟಿಯಲ್ಲಿ ಕುಡಿದವನು ಮೈಲಿಗೆ. ಗುಡಿಯ ಮುಂದೆ ಎಕ್ಕದ ಕಡ್ಡಿ ಕಾಸಿ ನಾಲಿಗೆ ಸುಡಿಸಿಕೊಳ್ಳುವವರೆಗೆ ಅವನಿಗೆ ಒಬ್ಬರೂ ನೀರು ಕೊಡುವುದಿಲ್ಲ. ಆ ಕಟ್ಟಳೆಯನ್ನು ಊರಿಗೆಲ್ಲ ನೆನಪಿಸುತ್ತ ತಿರುಗುವವಳ ಮನೆಯಲ್ಲೇ ಈ ಹೊಲಸು. ಹೊರಗೆ ಹೋಗಿ ಎರಡು ಸಲ ಉಗಿದು ಬಂದಳು.

ಮಗ ಚಂದ್ರಣ್ಣ ಬಂದ. ಚೂರುಗಳನ್ನು ನೋಡಿದ, ಹೆಂಡತಿಯನ್ನು ನೋಡಿದ.

"ನಿಂದೇನ್ಲಾ?"

"ಹೂಂ ಅವ್ವ. ನಂದೇ. ಬಿಯರ್."

ಅವನು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೇ ಆಕೆಗೆ ಇನ್ನಷ್ಟು ಹೇಸಿಗೆಯಾಯಿತು. ನಾಚಿಕೆಗೆಟ್ಟವನು, ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ?

ಜಾಡಿ ಎಲ್ಲಿಯದೆಂದು ಮಗನ ಬಾಯಿ ಬಿಡಿಸಿ, ಮರುದಿನ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಹೋದಳು. ಅವನು ಹೆಸರು ಹೇಳಿದ್ದ ಬಾಬು ಸಾಬ್ ತನ್ನ ಅಂಗಡಿಯಲ್ಲಿ ಗೋಲಿ ಸೋಡಾ ತುಂಬುತ್ತಿದ್ದ. ಆಕೆ ಕಾಗದ ಬಿಚ್ಚಿ ಒಡೆದ ಜಾಡಿಯ ಕತ್ತನ್ನು ಅವನ ಮುಂದೆ ಇಟ್ಟಳು.

"ಇದು ಕೊಟ್ಟೋರು ನೀವೇನಾ ಸಾಬ್ರೇ?"

"ಹೌದಮ್ಮಾ. ದಪ್ಪ ಗಾಜು, ರಬ್ಬರ್ ವಾಷರ್, ತಂತಿ ಕೊಕ್ಕೆ, ಎಲ್ಲಾ ನೋಡಿ ಕೊಟ್ಟಿದ್ದೆ." ಸಾಬ್ ಚೂರನ್ನು ಬೆಳಕಿಗೆ ಹಿಡಿದ. "ಬಾರ್‌ನಲ್ಲಿ ಪೀಪಾಯಿಂದ ಹಿಡಿಸ್ಕೊಂಡು ಹೋಗ್ತಾನೆ ನಿಮ್ಮ ಮಗ. ಬಾಟ್ಲಿ ತಗೊಳ್ಳಪ್ಪಾ ಅಂದ್ರೆ, ಬಾಟ್ಲಿ ಕಂಡ್ರೆ ಮನೇಲಿ ಗೊತ್ತಾಗ್ತದೆ ಅಂತಾನೆ. ಕತ್ತಿನ ತನಕ ತುಂಬಬೇಡ, ಕುಲುಕಬೇಡ, ಒದ್ದೆ ಗೋಣಿ ಸುತ್ತಿ ತಣ್ಣಗಿಡು ಅಂತ ಸಾರಿ ಸಾರಿ ಹೇಳಿದ್ದೆ. ಗೋಣಿ ಒಣಗಿರಬೇಕು. ಬಿಸಿಗೆ ಗ್ಯಾಸ್ ಉಬ್ಬಿದ್ರೆ ಎಂಥಾ ಗಾಜೂ ನಿಲ್ಲಲ್ಲ."

"ನಿಮ್ಮೋರಿಗೂ ಇದು ಆಗಲ್ಲ ಅಲ್ವಾ? ಹೇಸಿಗೆ ಆಗ್ಲಿಲ್ವಾ ನಿಮಗೆ?"

"ಹರಾಮ್ ಅಮ್ಮಾ, ಮುಟ್ಟೋದೂ ಇಲ್ಲ. ಆದ್ರೆ ಅವನು ಹೆಂಗಿದ್ರೂ ಒಯ್ಯೋನೇ." ಮುಚ್ಚಿಹೋಗಿದ್ದ ತನ್ನ ಎಡಗಣ್ಣಿಗೆ ಬೆರಳು ತೋರಿಸಿದ. "ಸೋಡಾ ಬಾಟ್ಲಿ ಸಿಡಿದು ಹೋಗಿದ್ದು. ಇನ್ನೊಬ್ಬರ ಕಣ್ಣು ಯಾಕೆ ಹೋಗ್ಬೇಕು ಅಂತ ಹೇಳಿಕೊಟ್ಟೆ. ಗ್ಯಾಸ್ ಮಾತ್ರ ಹೋಗಕೂಡದು ಸಾಬ್ರೇ, ಹೋದ್ರೆ ಬಾಯಿಗಿಡೋಕೆ ಆಗಲ್ಲ ಅಂತಿದ್ದ ನಿಮ್ಮ ಮಗ."

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು. ದಿನಾ ಒಂದು ಲೋಟ ಅಷ್ಟೇ ಅಂದ."

ದಿನಾ ಒಂದು ಲೋಟ. ಬಸ್ಸಿನಲ್ಲಿ ಯರ್ರಮ್ಮನಿಗೆ ಅದೇ ಕೊರೆಯಿತು. ಎರಡು ತಿಂಗಳು ಅದೇ ಬಾಯಲ್ಲಿ ಅವ್ವ ಅಂದಿದ್ದಾನೆ, ಅದೇ ಕೈಯಲ್ಲಿ ದೇವರಿಗೆ ಹೂವು ಏರಿಸಿದ್ದಾನೆ. ಮಗನ ಪಕ್ಕ ಕೂತು ಉಂಡದ್ದು ನೆನೆದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಅಂದೇ ಸಂಜೆ ಗುಡಿಯ ಮುಂದೆ ಹಟ್ಟಿ ಸೇರಿತು. ಹಟ್ಟಿಯ ಯಜಮಾನ ಕೆಂಚಣ್ಣ ಮೆತ್ತಗಿನ ಮನುಷ್ಯ.

"ಒಪ್ಪಿಕೊಂಡವ್ನೆ. ಮೊದಲ್ನೇ ಸಲ ಬೇರೆ. ಕಾಯಿ ಒಡೆಸಿ ಬಿಡಾನ ಕಣಕ್ಕ."

"ನನ್ನ ಮಗ ಅಂತ ಬಿಡ್ತೀಯಾ?" ಯರ್ರಮ್ಮ ಎದ್ದು ನಿಂತಳು. "ಮೂತ್ರದ ಕಲ್ಲಿನ ನೋವಿಗೆ ಸಾಯೋ ಹಂಗಾಗಿದ್ದೆ. ಡಾಕ್ಟ್ರು ಕೊಟ್ಟ ಟಾನಿಕ್ಕೂ ಮುಟ್ಲಿಲ್ಲ, ಅದ್ರಾಗೆ ಸ್ಪಿರಿಟ್ ಇರ್ತೈತೆ ಅಂತ. ಸೊಸೆ ಕೊಟ್ಟ ಬಾರ್ಲಿ ನೀರು ಕುಡ್ಕೊಂಡು ಬದುಕಿದೀನಿ. ಹೆತ್ತೋಳು ಹಿಂಗೆ, ಇವನು ಹಂಗೆ. ಸುಡು."

ಚಿತ್ರಾ ಏನೋ ಹೇಳಲು ಮುಂದೆ ಬಂದಳು. ಚಂದ್ರಣ್ಣ ಬೇಡವೆಂದು ತಲೆಯಾಡಿಸಿದ. ಗಂಡನ ಕುಡಿತ ಮುಚ್ಚಿಟ್ಟವಳಿಗೆ ಈಗ ಮಾತು ಬೇರೆ ಕೇಡು ಎಂದುಕೊಂಡಳು ಯರ್ರಮ್ಮ.

ಕಡ್ಡಿ ಕಾದಿತು. ಚಂದ್ರಣ್ಣ ತಾನಾಗಿಯೇ ಬಾಯಿ ತೆರೆದ. ಕೆಂಚಣ್ಣ ಕಣ್ಣು ಮುಚ್ಚಿಕೊಂಡದ್ದಕ್ಕೆ, ಮುಟ್ಟಿಸಿ ತೆಗೆಯಬೇಕಾದ ಕಡ್ಡಿ ಒಂದು ಗಳಿಗೆ ಹೆಚ್ಚೇ ನಿಂತಿತು. ಸುಟ್ಟ ಮಾಂಸದ ಕಮಟು ಹಬ್ಬಿ ಮುಂದೆ ಕೂತವರು ಮುಖ ತಿರುಗಿಸಿದರು. ಯರ್ರಮ್ಮ ಮಾತ್ರ ಕಣ್ಣು ಕದಲಿಸದೆ ನೋಡಿದಳು.

ಮೂರು ದಿನವಾದರೂ ಅವನಿಗೆ ಗಂಜಿ ಕೂಡ ಇಳಿಯಲಿಲ್ಲ. ಬಾತ ನಾಲಿಗೆ ಹೊರಚಾಚಿ ಜೊಲ್ಲು ಸುರಿಸುತ್ತ ಮಲಗಿದ್ದ. ತಲೆದಿಂಬಿನಿಂದ ಕೀವಿನ ವಾಸನೆ ಬರುತ್ತಿತ್ತು. ಯರ್ರಮ್ಮ ಹತ್ತಿರ ಹೋಗಲಿಲ್ಲ. ಮಧ್ಯಾಹ್ನ ಅವಳ ಸೊಂಟದ ಬಳಿ ಚಳುಕು ಎದ್ದು ಬೆನ್ನಿಗೆ ಹರಿಯಿತು. ಗೋಡೆ ಹಿಡಿದು ಕೂತಳು.

"ಚಿತ್ರಾ, ನಾಕು ದಿನ ಆತು ಬಾರ್ಲಿ ನೀರು ಕೊಟ್ಟು. ಕಲ್ಲು ಮತ್ತೆ ಚುಚ್ತೈತೆ. ನಿಂಬೆ ಹಿಂಡಿ, ಜೀರಿಗೆ ಹಾಕಿ ತಾರೇ."

ಮಲಗಿದ್ದ ಚಂದ್ರಣ್ಣ ಗಡಬಡಿಸಿ ಎದ್ದು ಕೈ ಬೀಸಿದ. ಮಾತು ಹೊರಡಲಿಲ್ಲ. ಚಿತ್ರಾ ಈ ಸಲ ಅವನ ಕಡೆ ನೋಡಲಿಲ್ಲ.

"ಬಿಯರ್ ಕುಡಿದ್ರೆ ಕಲ್ಲು ಕರಗ್ತೈತೆ ಅಂತ ಯಾರೋ ಹೇಳಿದ್ರು ಅತ್ತೆ, ನಿಮ್ಮ ಬಾರ್ಲಿ ನೀರು ಬರ್ತಿದ್ದಿದ್ದು ಆ ಜಾಡಿಯಿಂದ್ಲೇ, ಅವ್ರು ಒಂದು ಹನೀನೂ ಬಾಯಿಗೆ ಹಾಕಿದೋರಲ್ಲ."